ಮಳೆಗಾಲದ ಸಾಮಾನಿನ ಜೊತೆ ಗುಳಿಗೆಯೂ ಇರಲಿ

ಉತ್ತರ ಕನ್ನಡದ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತದ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಮತ್ತೆ ಮನೆಯಲ್ಲಿ ಅರವತ್ತು ದಾಟಿದವರು ಇರುವ ಜಿಲ್ಲೆಯ ಎಲ್ಲರಿಗೆ,

ನಮಸ್ಕಾರ.

ನಾನು ನಿವೃತ್ತ ಬಸ್ ಕಂಡಕ್ಟರ್. ನೌಕರಿಯ ಬಹುಪಾಲು ಕುಮಟಾ–ಶಿರಸಿ ರೂಟಿನಲ್ಲೇ ಕಳೆಯಿತು. ದೇವಿಮನೆ ಘಟ್ಟದ ಯಾವ ತಿರುವಿನಲ್ಲಿ ಯಾವ ಕಾಲು ಗಟ್ಟಿ ಊರಬೇಕು ಅನ್ನೋದು ನನ್ನ ಮೈಗೇ ಗೊತ್ತಿತ್ತು. ಈಗ ನನಗೆ 64. ಶುಗರ್ ಇದೆ, ಬಿಪಿ ಇದೆ, ಎಡಗಾಲಿನಲ್ಲಿ ಉಬ್ಬಿದ ನರ ಇದೆ. ಇದು ಎಪ್ರಿಲ್ ತಿಂಗಳು. ನಮ್ಮ ಕೇರಿಯಲ್ಲಿ ಮಳೆಗಾಲದ ತಯಾರಿ ಶುರುವಾಗಿದೆ. ಕಟ್ಟಿಗೆ ಒಟ್ಟುತ್ತಿದ್ದಾರೆ, ಮಾಡಿನ ಹಂಚು ನೋಡಿಸುತ್ತಿದ್ದಾರೆ, ಅಂಗಳದಲ್ಲಿ ಹಪ್ಪಳ, ಒಣಮೀನು. ಅದನ್ನೆಲ್ಲ ನೋಡುತ್ತಾ ಕೂತಾಗಲೇ ಈ ಪತ್ರ ಬರೆಯಬೇಕು ಅನ್ನಿಸಿದ್ದು.

ಬೆಳಗಿನ ಮೊದಲ ಗಾಡಿಗೆ ಯಾರು ಹತ್ತುತ್ತಾರೆ ಹೇಳಿ? ಕಾಲೇಜು ಮಕ್ಕಳು, ಆಫೀಸಿಗೆ ಹೋಗುವವರು ಅಂದುಕೊಂಡರೆ ತಪ್ಪು. ಅವರು ಎರಡನೇ ಗಾಡಿಯವರು. ಮೊದಲ ಗಾಡಿ ಅಜ್ಜ ಅಜ್ಜಿಯರದ್ದು. ಕಂಕುಳಲ್ಲಿ ದೊಡ್ಡ ಎಕ್ಸ್‌ರೇ ಕವರು. ಬಟ್ಟೆ ಅಂಗಡಿಯ ಕೈಚೀಲದೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ರಿಪೋರ್ಟು. ರಕ್ತ ಕೊಡುವವರೆಗೆ ಏನೂ ತಿನ್ನಬಾರದು ಅಂತ ಖಾಲಿ ಹೊಟ್ಟೆ. ಖಾಲಿ ಹೊಟ್ಟೆಯಲ್ಲಿ ಘಟ್ಟ ಇಳಿದರೆ ಗೊತ್ತಲ್ಲ, ಅರ್ಧ ದಾರಿಯಲ್ಲಿ ತಲೆ ಸುತ್ತಿ ವಾಂತಿ. ನಾನು ಚೀಲದಲ್ಲಿ ಯಾವಾಗಲೂ ನಾಲ್ಕು ಲಿಂಬೆಹಣ್ಣು ಇಟ್ಟುಕೊಳ್ಳುತ್ತಿದ್ದೆ, ಮೂಸಲಿಕ್ಕೆ ಕೊಡಲು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಅನ್ನೋ ಪರೀಕ್ಷೆ ಇದೆ, ಅದಕ್ಕೆ ಖಾಲಿ ಹೊಟ್ಟೆ ಬೇಕೇ ಇಲ್ಲ ಎಂದು ನನಗೆ ಗೊತ್ತಾಗಿದ್ದು ನನಗೇ ಶುಗರ್ ಬಂದ ಮೇಲೆ. ಅಷ್ಟು ವರ್ಷ ಎಷ್ಟು ಜನ ಹಸಿದುಕೊಂಡು ಇಳಿದರೋ ಏನೋ.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಒಂದು ದಿನ ಒಬ್ಬ ಅಜ್ಜಿ ಹತ್ತಲು ಬಹಳ ಹೊತ್ತು ಮಾಡಿದರು. ನಮ್ಮ ಗಾಡಿಗಳ ಮೊದಲ ಮೆಟ್ಟಿಲು ಎತ್ತರ, ಅದು ಎಲ್ಲರಿಗೂ ಗೊತ್ತು. ಮಳೆ ಬೇರೆ, ಹಿಂದೆ ಲಾರಿ ಹಾರ್ನು ಹೊಡೆಯುತ್ತಿತ್ತು. "ಅಜ್ಜಿ, ವಯಸ್ಸಾಯ್ತಲ್ಲ, ಮನೆಯಲ್ಲಿ ಇರೋದಲ್ವಾ" ಅಂದುಬಿಟ್ಟೆ. ಅವರು ಕಂಬಿ ಹಿಡಿದು ನಿಂತು, ಉಸಿರು ಬಿಟ್ಟು, "ವಯಸ್ಸು ನಂಗೆ ಮೊನ್ನೆ ಆಗಿದ್ದಲ್ಲ ತಮಾ. ಈ ಉಬ್ಬಸ ಮಾತ್ರ ಈ ವರ್ಷದ್ದು" ಅಂದರು. ಆ ಹೊತ್ತಿಗೆ ಅದು ಬಾಯಿ ಜೋರಿನ ಮಾತು ಅನ್ನಿಸಿತು. ಈಗ ಅನ್ನಿಸುತ್ತದೆ, ಯಾವ ಡಾಕ್ಟರರೂ ನನಗೆ ಅಷ್ಟು ಸರಿಯಾಗಿ ಹೇಳಿಲ್ಲ.

ವಯಸ್ಸಾಯ್ತಲ್ಲ. ಈ ಒಂದು ಮಾತು ನಮ್ಮ ಜಿಲ್ಲೆಯಲ್ಲಿ ಎಷ್ಟು ಕಾಯಿಲೆಗಳನ್ನು ಮುಚ್ಚಿಟ್ಟಿದೆ ಅಂತೀರಿ! ಕಾಲು ಬಾತರೆ ವಯಸ್ಸು. ರಾತ್ರಿ ನಾಲ್ಕು ಸಲ ಎದ್ದರೆ ವಯಸ್ಸು. ಕಣ್ಣು ಮಂಜಾದರೆ ವಯಸ್ಸು. ಮಾತು ಮರೆತರೆ ವಯಸ್ಸು. ವಯಸ್ಸು ತಾನಾಗಿಯೇ ಮಾಡುವ ಕೆಲಸವೂ ಇದೆ, ಇಲ್ಲ ಅನ್ನುವುದಿಲ್ಲ. ಕೂದಲು ಬೆಳ್ಳಗಾಗುತ್ತದೆ, ಚಾಳೀಸು ಬರುತ್ತದೆ, ರಕ್ತನಾಳ ಸ್ವಲ್ಪ ಬಿರುಸಾಗುತ್ತದೆ, ಮಾಂಸಖಂಡ ಕರಗುತ್ತದೆ. ಆದರೆ ಕಾಲು ಬಾತಿದ್ದು ಹೃದಯದ್ದೋ ಕಿಡ್ನಿಯದ್ದೋ ಇರಬಹುದು. ರಾತ್ರಿ ಏಳುವುದು ಶುಗರ್ ಇರಬಹುದು. ವಯಸ್ಸಿಗೆ ಮದ್ದಿಲ್ಲ, ಇವಕ್ಕೆ ಇದೆ. ವಯಸ್ಸು ಅಂದು ಕೂತರೆ ಮದ್ದಿದ್ದದ್ದೂ ಕೈ ತಪ್ಪುತ್ತದೆ.

ದೇಶದ ಲೆಕ್ಕ ಒಂದು ಹೇಳುತ್ತೇನೆ. 2017–18ರಲ್ಲಿ 45 ದಾಟಿದ ಸುಮಾರು 72 ಸಾವಿರ ಜನರನ್ನು ಮಾತನಾಡಿಸಿ, ತಪಾಸಣೆ ಮಾಡಿ ಲಾಸಿ ಎಂಬ ದೊಡ್ಡ ಸಮೀಕ್ಷೆ ನಡೆಯಿತು. ಅರವತ್ತು ದಾಟಿದ ನಾಲ್ವರಲ್ಲಿ ಮೂವರಿಗೆ ಒಂದಲ್ಲ ಒಂದು ದೀರ್ಘಕಾಲದ ಕಾಯಿಲೆ ಇದೆ ಎಂದು ಅದು ಹೇಳಿತು. ಬಿಪಿ, ಶುಗರ್, ಹೃದಯ, ಉಬ್ಬಸ, ಸಂದುನೋವು, ಹೀಗೆ. ಅಂದರೆ ನನ್ನ ಮೊದಲ ಗಾಡಿಯ ಎರಡು ಸೀಟಿನ ಸಾಲು, ಮೂರು ಸೀಟಿನ ಸಾಲು ಎಲ್ಲ ಸೇರಿಸಿದರೂ ಪೂರ್ತಿ ಆರೋಗ್ಯದವರು ಒಂದು ಹತ್ತು ಹನ್ನೆರಡು ಜನ.

ಈ ಕಾಯಿಲೆಗಳು ಒಂದಕ್ಕೊಂದು ನೆಂಟರು. ಬಿಪಿ ಜಾಸ್ತಿ ಇದ್ದರೆ ಕಿಡ್ನಿಯ ಸಣ್ಣ ನಾಳಗಳು ಹಾಳಾಗುತ್ತವೆ. ಕಿಡ್ನಿ ಹಾಳಾದರೆ ಬಿಪಿ ಇನ್ನೂ ಏರುತ್ತದೆ. ಶುಗರ್ ಬಂದು ಇಬ್ಬರನ್ನೂ ಕೂಡಿಕೊಂಡು ಕಣ್ಣಿಗೂ ಕಾಲಿಗೂ ಕೈ ಹಾಕುತ್ತದೆ. ಮತ್ತೆ ಇವು ಅರವತ್ತಕ್ಕೆ ಹುಟ್ಟುವುದಲ್ಲ. ನಲವತ್ತಕ್ಕೆ ಒಳಗೆ ಬಂದು, ಸದ್ದಿಲ್ಲದೆ ಮೂಲೆಯಲ್ಲಿ ಕೂತಿರುತ್ತವೆ. ನನಗೆ 47ಕ್ಕೆ ಹೆಬ್ಬೆರಳಿನ ಗಾಯ ಒಣಗದೆ ಹೋದಾಗ ಶುಗರ್ ಗೊತ್ತಾಯಿತು. ಅದಕ್ಕೂ ಎಷ್ಟು ವರ್ಷ ಮೊದಲು ಬಂದಿತ್ತೋ. ಕಂಡಕ್ಟರನ ಬದುಕೇ ಹಾಗಿತ್ತು. ಸ್ಟ್ಯಾಂಡಿನಲ್ಲಿ ಎರಡು ಚಮಚ ಸಕ್ಕರೆಯ ಚಹಾ, ಜೊತೆಗೆ ಭಜೆ, ಹೊತ್ತಲ್ಲದ ಹೊತ್ತಿಗೆ ಊಟ, ಮೂತ್ರ ಕಟ್ಟಿಕೊಂಡು ಮೂರು ತಾಸು. ನೀರು ಕುಡಿದರೆ ಇಳಿಯಬೇಕಾಗುತ್ತದೆ ಅಂತ ನೀರೇ ಕುಡಿಯುತ್ತಿರಲಿಲ್ಲ. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ನಗಲಿ, ನಲವತ್ತಾಗಲಿ, ಆಮೇಲೆ ನೋಡೋಣ.

ಈಗ ನನ್ನ ಅಕ್ಕನ ವಿಷಯ.

ಅಕ್ಕ ಘಟ್ಟದ ಮೇಲೆ, ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿ ಇರುವುದು. ಭಾವ ತೀರಿಕೊಂಡಿದ್ದಾರೆ. ಮಗ ಬೆಂಗಳೂರು. ಅವಳಿಗೆ ಹತ್ತು ವರ್ಷದಿಂದ ಬಿಪಿ. ದಿನಾ ಬೆಳಿಗ್ಗೆ ಒಂದು ಗುಳಿಗೆ, ಸರಕಾರದ್ದೇ, ಪುಕ್ಕಟೆ. ತಿಂಗಳಿಗೆ ಒಂದು ಸಲ ಹೋಗಿ ಮೂವತ್ತು ತರುತ್ತಿದ್ದಳು. ಎರಡು ವರ್ಷದ ಹಿಂದಿನ ಜುಲೈ. ಮಳೆ ಅಂದರೆ ಮಳೆ. ಅವಳು ಕೊಡೆ ಹಿಡಿದು ಎರಡು ಮೈಲು ನಡೆದು ಹೋದ ದಿನ ಸ್ಟಾಕು ಬಂದಿರಲಿಲ್ಲ. ಮುಂದಿನ ವಾರ ಬನ್ನಿ ಅಂದರು. ಮುಂದಿನ ವಾರ ಹಳ್ಳ ಉಕ್ಕಿ ಸಂಕ (ಕಾಲುಸೇತುವೆ) ದಾಟುವ ಹಾಗಿರಲಿಲ್ಲ. ಅದರ ಮುಂದಿನ ವಾರ ರಸ್ತೆಗೆ ಮರ ಬಿದ್ದು ಬಸ್ಸು ಬರಲಿಲ್ಲ. ಅಷ್ಟರಲ್ಲಿ ಅವಳಿಗೇ ಅನ್ನಿಸಿತಂತೆ, "ಮೈ ಚೊಲೋನೇ ಇದೆಯಲ್ಲ, ಸುಮ್ನೆ ಯಾಕೆ ಅದು" ಅಂತ. ಬಿಪಿಯ ಕೇಡು ಇರುವುದೇ ಅಲ್ಲಿ. ಗುಳಿಗೆ ಬಿಟ್ಟರೆ ಏನೂ ಆಗುವುದಿಲ್ಲ. ಇಪ್ಪತ್ತು ದಿನ ಏನೂ ಆಗುವುದಿಲ್ಲ. ಇಪ್ಪತ್ತಮೂರನೇ ದಿನ ಬೆಳಿಗ್ಗೆ ಕೈಯಿಂದ ಲೋಟ ಜಾರಿತು. ಎತ್ತಲು ಹೋದರೆ ಬಲಗೈ ಬರಲಿಲ್ಲ. ಬಾಯಿ ಓರೆಯಾಯಿತು.

ಪಕ್ಕದ ಮನೆಯವರು ವಾಯು ಅಂದರು. ಎಣ್ಣೆ ತಿಕ್ಕಿದರು. ಕಷಾಯ ಕುಡಿಸಿದರು, ಅದು ಬಾಯಿಯ ಬದಿಯಿಂದ ಇಳಿದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಜೀಪು ಸಿಕ್ಕಿ ಶಿರಸಿಗೆ, ಅಲ್ಲಿಂದ ಹುಬ್ಬಳ್ಳಿಗೆ. ಲಕ್ವ ಹೊಡೆದಾಗ ಮಿದುಳಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಒಂದಿದೆ. ಅದನ್ನು ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ನಾವು ಹುಬ್ಬಳ್ಳಿ ಮುಟ್ಟಿದಾಗ ಸಂಜೆ. ಅಕ್ಕ ಉಳಿದಳು. ಕೋಲು ಹಿಡಿದು ನಡೆಯುತ್ತಾಳೆ. ಆದರೆ ಅಡಿಕೆ ಸುಲಿಯುವುದರಲ್ಲಿ ಅವಳ ಮುಂದೆ ಯಾರೂ ಇರಲಿಲ್ಲ. ಆ ಕೈ ಈಗ ಮಡಿಲಲ್ಲಿ ಸುಮ್ಮನೆ ಮಲಗಿರುತ್ತದೆ.

ಯಾರನ್ನು ಬೈಯಲಿ? ಸ್ಟಾಕು ಇಲ್ಲ ಅಂದವರನ್ನೋ, ಮಳೆಯನ್ನೋ, ಮೈ ಚೊಲೋ ಇದೆ ಅಂದ ಅಕ್ಕನನ್ನೋ? ನಾನು ಆ ತಿಂಗಳು ಅವಳಿಗೆ ಐದಾರು ಸಲ ಫೋನು ಮಾಡಿದ್ದೆ. ಪ್ರತಿ ಸಲ "ಊಟ ಆಯ್ತಾ" ಅಂತ ಕೇಳಿದೆ. "ಗುಳಿಗೆ ಆಯ್ತಾ" ಅಂತ ಒಂದು ಸಲವೂ ಕೇಳಲಿಲ್ಲ.

ಮಾನ್ಯರೇ, ನಮ್ಮ ಜಿಲ್ಲೆಯಲ್ಲಿ ಆಸ್ಪತ್ರೆಯ ಮಾತು ಬಂದರೆ ಅದು ಒಂದೇ ದಿಕ್ಕಿಗೆ ಹೋಗುತ್ತದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ. 2022ರಲ್ಲಿ "ಆಸ್ಪತ್ರೆ ಇಲ್ಲ ಅಂದರೆ ವೋಟೂ ಇಲ್ಲ" ಅಂತ ಊರಿಗೆ ಊರೇ ಎದ್ದಿತ್ತು. ನಾನೂ ಆ ಸಂದೇಶ ನೂರು ಜನಕ್ಕೆ ಕಳಿಸಿದವನೇ. ಆ ಆಸ್ಪತ್ರೆ ಬೇಕೇ ಬೇಕು. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆ ಸರಿ. ಆದರೂ ತಲೆಗೆ ಪೆಟ್ಟು ಬಿದ್ದರೆ, ಹೃದಯಕ್ಕೆ ಏನಾದರೂ ಆದರೆ ನಾವು ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ದಾರಿ ಹಿಡಿಯುವವರು. ಆ ದಾರಿಯಲ್ಲೇ ಜೀವ ಬಿಟ್ಟವರು ಎಲ್ಲ ಊರಲ್ಲೂ ಇದ್ದಾರೆ. ಹಾಗಾಗಿ ದೊಡ್ಡಾಸ್ಪತ್ರೆ ಕೇಳುವುದನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ.

ನನ್ನ ತಕರಾರು ಬೇರೆ. ಅಕ್ಕನಿಗೆ ಬೇಕಾಗಿದ್ದದ್ದು ದೊಡ್ಡಾಸ್ಪತ್ರೆ ಅಲ್ಲ. ಇಪ್ಪತ್ತಮೂರು ಗುಳಿಗೆ. ಬಿಪಿಗೆ ಕೊಡುವ ಆಮ್ಲೋಡಿಪಿನ್ ಜನೌಷಧಿ ಅಂಗಡಿಯಲ್ಲಿ ಹತ್ತರ ಪಟ್ಟಿಗೆ ಒಂದು ಚಹಾದ ದುಡ್ಡೂ ಬೀಳುವುದಿಲ್ಲ. ಅದು ತಪ್ಪಿದ್ದಕ್ಕೆ ಸ್ಕ್ಯಾನು, ಹುಬ್ಬಳ್ಳಿಯಲ್ಲಿ ಹನ್ನೊಂದು ದಿನ, ಆರು ತಿಂಗಳ ಫಿಸಿಯೋಥೆರಪಿ, ಮಗನ ರಜೆ, ಒಂದು ಹಸು ಮಾರಿದ್ದು. ಕೇಂದ್ರ ಸರಕಾರ 2024ರ ಅಕ್ಟೋಬರಿನಲ್ಲಿ 70 ದಾಟಿದವರೆಲ್ಲರನ್ನೂ, ಬಡವ ಶ್ರೀಮಂತ ನೋಡದೆ, 5 ಲಕ್ಷ ರೂಪಾಯಿಯ ಆಯುಷ್ಮಾನ್ ಯೋಜನೆಗೆ ಸೇರಿಸಿತು. ಒಳ್ಳೆಯದೇ. ಆದರೆ ಅದು ಆಸ್ಪತ್ರೆಗೆ ದಾಖಲಾದವರಿಗೆ. ಬಿದ್ದ ಮೇಲೆ ಎತ್ತಲಿಕ್ಕೆ ಇರುವ ದುಡ್ಡು. ಬೀಳದ ಹಾಗೆ ಹಿಡಿಯುವ ತಿಂಗಳ ಗುಳಿಗೆ ಅದರೊಳಗೆ ಬರುವುದಿಲ್ಲ. ಅದು ನಿಮ್ಮ ಉಪಕೇಂದ್ರದ ಕಪಾಟಿನಲ್ಲಿ ಇರಬೇಕಾದದ್ದು.

ಈಗ ಮಳೆಗಾಲದ ಮಾತು. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಬೀಳುವ ಮಳೆಯಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟೋ ದಿನ ಬಂದಾಯಿತು. ಮುಂದಿನ ತಿಂಗಳು 7ರ ಮಧ್ಯರಾತ್ರಿ ಕಾಳಿ ನದಿಯ ಹಳೇ ಸೇತುವೆ ಮುರಿದು ಬಿತ್ತು. ಅವೆಲ್ಲ ಟಿವಿಯಲ್ಲಿ ಬಂದವು. ಟಿವಿಯಲ್ಲಿ ಬಾರದ ಸಂಕಗಳು, ಕಾಲುದಾರಿಗಳು ಪ್ರತಿ ವರ್ಷ ಮುರಿಯುತ್ತವೆ. ಅದಕ್ಕೇ ನಮ್ಮ ಹಿರಿಯರು ಎಪ್ರಿಲ್, ಮೇ ತಿಂಗಳಲ್ಲಿ ನಾಲ್ಕು ತಿಂಗಳಿಗೆ ಆಗುವಷ್ಟು ಕೂಡಿಡುವುದು. ಅಕ್ಕಿ, ಕಟ್ಟಿಗೆ, ಬೆಲ್ಲ, ಮೆಣಸು, ಸೀಮೆಎಣ್ಣೆ. ದನಕ್ಕೆ ಹುಲ್ಲು ಕೂಡಿಡುತ್ತೇವೆ. ಕೊಟ್ಟಿಗೆಗೆ ದರಕು (ಒಣಎಲೆ) ಕೂಡಿಡುತ್ತೇವೆ. ಅಜ್ಜಿಯ ಗುಳಿಗೆ ಮಾತ್ರ ತಿಂಗಳು ತಿಂಗಳು ತರುತ್ತೇವೆ, ಅದೂ ಜುಲೈನಲ್ಲಿ.

ಇನ್ನೊಂದು ಗಮನಿಸಿ. ನಮ್ಮ ಮಳೆಗಾಲದ ಸಾಮಾನು ಅಂದರೆ ಬಹಳಷ್ಟು ಉಪ್ಪೇ. ಮಾವಿನ ಮಿಡಿ ಉಪ್ಪಿನಲ್ಲಿ. ಹಲಸಿನ ಸೊಳೆ ಉಪ್ಪುನೀರಿನಲ್ಲಿ. ಹಪ್ಪಳ, ಸಂಡಿಗೆ, ಬಾಳಕದ ಮೆಣಸು ಎಲ್ಲಕ್ಕೂ ಉಪ್ಪು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೊಡ್ಡ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ. ಹಾಗಾಗಿ ಘಟ್ಟದ ಕೆಳಗೆ ಒಣ ಬಂಗಡೆ, ಒಣ ಶೆಟ್ಲಿ (ಸಿಗಡಿ). ದಿನಕ್ಕೆ ಒಬ್ಬರಿಗೆ 5 ಗ್ರಾಮಿನ ಒಳಗೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಸುಮಾರು ಒಂದು ಚಹಾ ಚಮಚ. ಗಂಜಿಗೆ ಎರಡು ತುಂಡು ಒಣಮೀನು, ಬದಿಗೆ ಒಂದು ಮಿಡಿ ಉಪ್ಪಿನಕಾಯಿ ಹಾಕಿಕೊಂಡರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. ಜೊತೆಗೆ ಮಳೆ ಅಂತ ನಾಲ್ಕು ತಿಂಗಳು ಮನೆಯೊಳಗೇ ಕೂತಿರುವುದು. ಉಪ್ಪು ಜಾಸ್ತಿ, ನಡಿಗೆ ಕಡಿಮೆ, ಗುಳಿಗೆ ಖಾಲಿ. ಮೂರೂ ಒಟ್ಟಿಗೆ ಬರುವುದು ಅದೇ ಕಾಲಕ್ಕೆ.

ಉಪ್ಪಿನಕಾಯಿ ಬಿಡಿ ಅಂತ ಯಾರಿಗೂ ಹೇಳುವ ಧೈರ್ಯ ನನಗಿಲ್ಲ. ಅಪ್ಪೆಮಿಡಿ ಇಲ್ಲದೆ ನನಗೂ ಊಟ ಇಳಿಯುವುದಿಲ್ಲ. ನಮ್ಮ ಮನೆಯಲ್ಲಿ ಒಣಮೀನನ್ನು ಈಗ ಎರಡು ನೀರಿನಲ್ಲಿ ನೆನೆಸಿ ತೊಳೆದು ಮಾಡುತ್ತಾರೆ. ಪದಾರ್ಥಕ್ಕೆ ಮುರುಗಲಿನ ಹುಳಿ ಜಾಸ್ತಿ ಹಾಕಿ ಉಪ್ಪು ಇಳಿಸಿದ್ದಾರೆ. ಮೊದಲ ವಾರ ಸಪ್ಪೆ ಅನ್ನಿಸಿತು, ಆಮೇಲೆ ನಾಲಿಗೆ ಸುಮ್ಮನಾಯಿತು. "ಅಜ್ಜನೂ ಇದೇ ತಿಂದ, ತೊಂಬತ್ತು ಬದುಕಿದ" ಅನ್ನುವವರು ಇದ್ದಾರೆ. ಅಜ್ಜ ಗದ್ದೆ ಹೂಡಿ, ಹೊರೆ ಹೊತ್ತು, ಬೆವರಿನಲ್ಲೇ ಅರ್ಧ ಉಪ್ಪು ಹೊರಹಾಕುತ್ತಿದ್ದ. ನಾವು ಅಂಗಡಿಗೆ ಹೋಗಲೂ ಸ್ಕೂಟಿ ಒದೆಯುತ್ತೇವೆ. ಮತ್ತೆ ತೊಂಬತ್ತು ಬದುಕಿದ ಅಜ್ಜ ನೆನಪಿರುತ್ತಾನೆ, ಐವತ್ತಕ್ಕೆ ಹೋದ ಅವನ ತಮ್ಮ ಯಾರಿಗೂ ನೆನಪಿರುವುದಿಲ್ಲ.

ಕವಳದ, ಅಂದರೆ ಎಲೆ, ಅಡಿಕೆ, ತಂಬಾಕು ಜಗಿಯುವ ವಿಷಯ ಎತ್ತಿದರೆ ಘಟ್ಟದ ಮೇಲಿನವರಿಗೆ ಸಿಟ್ಟು ಬರಬಹುದು, ನನ್ನ ಅಕ್ಕನ ಮನೆಯವರಿಗೂ. ಅಡಿಕೆಯೇ ಅವರ ಅನ್ನ. ಆದರೆ ತಂಬಾಕು ಬಾಯಿಯ ಕ್ಯಾನ್ಸರಿಗೆ ಕಾರಣ ಅನ್ನುವುದರ ಬಗ್ಗೆ ಈಗ ಯಾರಿಗೂ ಅನುಮಾನ ಉಳಿದಿಲ್ಲ. ತಂಬಾಕಿಲ್ಲದ ಅಡಿಕೆ ಜಗಿಯುವುದನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದೇ ಪಟ್ಟಿಗೆ ಹಾಕಿದೆ. ಬೆಳೆಯುವವರು ಬೆಳೆಯಲಿ, ಅದರ ಜಗಳ ನನ್ನದಲ್ಲ. ನಾನು ನೋಡಿದ್ದು ಇಷ್ಟೇ: ಬಸ್ಸಿನ ಕಿಟಕಿಯಿಂದ ಕೆಂಪಗೆ ಉಗುಳುತ್ತಿದ್ದ ಎಷ್ಟೋ ಜನ ಕೊನೆಕೊನೆಗೆ ಬಾಯಿ ಎರಡು ಬೆರಳಗಲ ತೆರೆಯಲಾರದೆ, ಸನ್ನೆಯಲ್ಲಿ ಊರ ಹೆಸರು ಹೇಳಿ ಟಿಕೆಟ್ ತೆಗೆಸುತ್ತಿದ್ದರು.

ಮಂಡಿನೋವಿನ ಗುಳಿಗೆಯೂ ಹಾಗೆ. ಮೀನು ಬುಟ್ಟಿ ಹೊರುವವರು, ಅಘನಾಶಿನಿ ಅಳಿವೆಯಲ್ಲಿ ಕುತ್ತಿಗೆ ಮಟ್ಟ ನೀರಿಗಿಳಿದು ಬಳಚು (ಚಿಪ್ಪುಮೀನು) ಆಯುವವರು, ತೋಟದವರು, ಎಲ್ಲರೂ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುತ್ತಾರೆ. ಚೀಟಿ ಇಲ್ಲ, ಕೇಳುವವರಿಲ್ಲ. ಅದನ್ನು ವರ್ಷಗಟ್ಟಲೆ ತಿಂದರೆ ಕಿಡ್ನಿಗೆ ಪೆಟ್ಟು, ಬಿಪಿಯೂ ಏರುತ್ತದೆ. ಮೆಡಿಕಲ್ ಅಂಗಡಿಯವರೇ, ಈ ಒಂದು ಮಾತು ನಿಮಗೂ.

ಆರೋಗ್ಯವಂತ ಮುಪ್ಪು ಅಂದರೆ ಏನು? ವಿಶ್ವಸಂಸ್ಥೆ 2021ರಿಂದ 2030ರವರೆಗಿನ ಹತ್ತು ವರ್ಷವನ್ನು ಇದಕ್ಕಾಗಿಯೇ ಇಟ್ಟಿದೆ. ಕಾಯಿಲೆಯೇ ಇಲ್ಲದಿರುವುದು ಅಂತ ಅವರೂ ಹೇಳುವುದಿಲ್ಲ. ತನಗೆ ಬೇಕಾದ ಕೆಲಸವನ್ನು ತಾನು ಮಾಡಿಕೊಳ್ಳುವ ಶಕ್ತಿ ಉಳಿದಿರುವುದು ಅನ್ನುತ್ತಾರೆ. ನನ್ನದು ಕಂಡಕ್ಟರನ ಲೆಕ್ಕ. ಒಬ್ಬ ಅಜ್ಜಿ ತಾನೇ ಬಸ್ಸಿನ ಮೆಟ್ಟಿಲು ಹತ್ತಬೇಕು. ತಿರುವಿನಲ್ಲಿ ಕಂಬಿ ಬಿಡಬಾರದು. ಚಿಲ್ಲರೆ ಎಣಿಸಿ ನನ್ನ ಹತ್ತಿರ ಜಗಳ ಮಾಡಬೇಕು. ನಾನು ಊರ ಹೆಸರು ಕೂಗಿದಾಗ ಅವಳಿಗೆ ಕೇಳಬೇಕು. ಇಳಿದ ಮೇಲೆ ಮನೆಯ ದಾರಿ ನೆನಪಿರಬೇಕು. ಇಷ್ಟು ಇದ್ದರೆ ಬಿಪಿ ಇರಲಿ, ಶುಗರ್ ಇರಲಿ, ಅವಳು ಗಟ್ಟಿಯೇ. ಕಾಲು, ಕೈ, ಲೆಕ್ಕ, ಕಿವಿ, ನೆನಪು. ಈ ಐದರಲ್ಲಿ ಯಾವುದು ಹೋದರೂ ಅವಳು ಮರುವರ್ಷ ಬಸ್ಸಿನಲ್ಲಿ ಕಾಣುವುದಿಲ್ಲ.

ಕಿವಿಯನ್ನು ನಾವು ತಮಾಷೆ ಮಾಡಿ ಬಿಟ್ಟುಬಿಡುತ್ತೇವೆ. ಆದರೆ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ ಹೇಳಿದ್ದು ಕೇಳಿ. ನಾವು ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಸರಿಮಾಡಿದರೆ ಮರೆವಿನ ಕಾಯಿಲೆಯ ಸುಮಾರು 45 ಪ್ರತಿಶತವನ್ನು ತಡೆಯಬಹುದು ಅಥವಾ ಮುಂದೂಡಬಹುದು. ಅದರಲ್ಲಿ ಬಿಪಿ ಇದೆ, ಶುಗರ್ ಇದೆ, ಕಿವಿ ಕೇಳದಿರುವುದು ಇದೆ, ಒಂಟಿತನ ಇದೆ. ಶಿರಸಿ, ಸಿದ್ದಾಪುರದ ಕಡೆ ಹೋಗಿ ನೋಡಿ. ಎಂಟು ಅಂಕಣದ ಮನೆ, ಒಳಗೆ ಇಬ್ಬರು. ಇಲ್ಲಾ ಒಬ್ಬರು. ಮಕ್ಕಳು ದುಡ್ಡು ಕಳಿಸುತ್ತಾರೆ, ವಿಡಿಯೋ ಕಾಲ್ ಮಾಡುತ್ತಾರೆ. ಅಜ್ಜನಿಗೆ ಕೇಳುವುದಿಲ್ಲ, ನಕ್ಕು ತಲೆ ಆಡಿಸುತ್ತಾನೆ. ನನ್ನ ಬಸ್ಸಿಗೆ ಬರುತ್ತಿದ್ದ ಒಬ್ಬ ಅಜ್ಜ ಪ್ರತಿ ಬುಧವಾರ ಸುಮ್ಮನೆ ಪೇಟೆಗೆ ಹೋಗಿ ಬರುತ್ತಿದ್ದರು. ಏನೂ ಕೆಲಸ ಇರಲಿಲ್ಲ. ಮಾತನಾಡಲಿಕ್ಕೆ ಬರುತ್ತಿದ್ದದ್ದು ಎಂದು ನನಗೆ ಬಹಳ ತಡವಾಗಿ ಹೊಳೆಯಿತು.

ಕರಾವಳಿಯಲ್ಲಿ ಹೆದ್ದಾರಿ 66 ನಾಲ್ಕು ಪಥ ಆದ ಮೇಲೆ ಇನ್ನೊಂದು ತೊಂದರೆ. ಮನೆ ಈ ಕಡೆ, ದೇವಸ್ಥಾನ, ರೇಷನ್ ಅಂಗಡಿ ಆ ಕಡೆ. ಅಂಡರ್‌ಪಾಸ್ ಎಲ್ಲೋ ಒಂದು ಕಿಲೋಮೀಟರ್ ಆಚೆ. ಮೊದಲು ದಿನಕ್ಕೆ ಎರಡು ಸಲ ದಾಟುತ್ತಿದ್ದವರು ಈಗ ದಾಟುವುದಿಲ್ಲ. ಡಾಕ್ಟರು ವಾಕಿಂಗ್ ಮಾಡಿ ಅನ್ನುತ್ತಾರೆ, ಎಲ್ಲಿ ಮಾಡುವುದು? ನಡೆಯದ ಕಾಲಿನ ಮಾಂಸ ಬೇಗ ಕರಗುತ್ತದೆ. ಕರಗಿದ ಕಾಲು ಬಚ್ಚಲಲ್ಲಿ ಜಾರುತ್ತದೆ. ಸೊಂಟದ ಮೂಳೆ ಮುರಿದರೆ ಹಾಸಿಗೆ. ಈ ರಸ್ತೆ ದಾಟುವ ಜಾಗದ ಬಗ್ಗೆ ಬೇರೆಯೇ ಪತ್ರ ಬರೆಯಬೇಕು, ಇಲ್ಲಿ ಹಿಡಿಸುವುದಿಲ್ಲ.

ಮುದುಕರ ಆರೋಗ್ಯ ಬರೀ ಮನೆಯವರ ಪಾಡು ಅನ್ನುವವರಿಗೆ ಒಂದು ಮಾತು. ಅಂಕೋಲೆ ತಾಲೂಕಿನ, ಹಾಲಕ್ಕಿ ಸಮುದಾಯದ ಇಬ್ಬರು ಅಜ್ಜಿಯರಿಗೆ ಪದ್ಮಶ್ರೀ ಬಂತು. ಹೊನ್ನಳ್ಳಿಯ ತುಳಸಿ ಗೌಡರಿಗೆ ಮರಗಿಡದ ಜ್ಞಾನಕ್ಕೆ, ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಹಾಡಿಗೆ. ತುಳಸಿ ಅಜ್ಜಿ 2024ರ ಡಿಸೆಂಬರಿನಲ್ಲಿ ಹೋದರು, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ. ಇಬ್ಬರ ಹತ್ತಿರವೂ ಇದ್ದದ್ದು ಪುಸ್ತಕದಲ್ಲಿ ಬರೆದಿಟ್ಟದ್ದಲ್ಲ, ತಲೆಯಲ್ಲಿ ಇದ್ದದ್ದು. ಎಪ್ಪತ್ತು ದಾಟಿದ ಮೇಲೂ ಅವರಿಂದ ನಮಗೆ ಎಷ್ಟು ಸಿಕ್ಕಿತು ನೋಡಿ. ಪ್ರಶಸ್ತಿ ಬಾರದ ಅಂಥ ತಲೆಗಳು ಪ್ರತಿ ಕೊಪ್ಪದಲ್ಲಿ ಇವೆ. ಕಗ್ಗ ಭತ್ತ ಯಾವಾಗ ಬಿತ್ತಬೇಕು, ಗಜನಿಗೆ (ಹಿನ್ನೀರಂಚಿನ ತಗ್ಗು ಗದ್ದೆಗೆ) ಉಪ್ಪುನೀರು ಯಾವಾಗ ಬಿಡಬೇಕು ಅನ್ನುವುದು ಅವರಿಗೇ ಗೊತ್ತು. ಒಂದು ಲಕ್ವ ಸಾಕು, ಅದೆಲ್ಲ ಒಂದೇ ಬೆಳಿಗ್ಗೆ ಬಾಯಿಂದ ಹೊರಡದೆ ಹೋಗಲು.

ಹಾಗಾಗಿ ನನ್ನ ಬೇಡಿಕೆ ಒಂದೇ, ಸಣ್ಣದು. ಮೇ ತಿಂಗಳ ಒಳಗೆ, ಮಳೆ ಹಿಡಿಯುವ ಮೊದಲು, ಜಿಲ್ಲೆಯಲ್ಲಿ ಬಿಪಿ, ಶುಗರ್ ಗುಳಿಗೆ ತಿನ್ನುವ ಅರವತ್ತು ದಾಟಿದ ಎಲ್ಲರಿಗೂ ಮಳೆಗಾಲದ ಗುಳಿಗೆ ಒಟ್ಟಿಗೆ ಕೊಡಿ. ನಾಲ್ಕು ತಿಂಗಳದ್ದು ಆಗದಿದ್ದರೆ ಮೂರು ತಿಂಗಳದ್ದು. ಇದು ಹೊಸತಲ್ಲ. 2020ರಲ್ಲಿ ಕೋವಿಡ್ ಬಂದಾಗ, ಇಂಥ ಕಾಯಿಲೆಯವರಿಗೆ ಮೂರು ತಿಂಗಳವರೆಗಿನ ಔಷಧ ಒಟ್ಟಿಗೆ ಕೊಡಬಹುದು, ಆಶಾ ಕಾರ್ಯಕರ್ತೆಯರ ಮೂಲಕ ಮನೆಗೆ ಮುಟ್ಟಿಸಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆಯೇ ಸೂಚನೆ ಕೊಟ್ಟಿತ್ತು. ಕೋವಿಡ್‌ಗೆ ಆಗಿದ್ದು ಮಳೆಗೆ ಯಾಕೆ ಆಗಬಾರದು? ನಮ್ಮ ರಾಜ್ಯದ ಗೃಹ ಆರೋಗ್ಯ ಯೋಜನೆಯೂ ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುವುದೇ ಅಲ್ವಾ. ಅದೇ ಸುತ್ತಿನಲ್ಲಿ ಯಾರ ಗುಳಿಗೆ ಎಷ್ಟು ಉಳಿದಿದೆ ಎಂದು ಡಬ್ಬಿ ತೆಗೆಸಿ ನೋಡಲಿ. ಜುಲೈ ನಡುವೆ ಒಂದು ಸಲ ಫೋನು ಮಾಡಿ ಕೇಳಲಿ. ಆಶಾ ತಾಯಂದಿರಿಗೆ ಈ ಕೆಲಸಕ್ಕೆ ಬೇರೆ ದುಡ್ಡು ಕೊಡಿ. ಈಗಾಗಲೇ ಅವರ ತಲೆ ಮೇಲೆ ಹೊರೆ ಸಾಕಷ್ಟಿದೆ, ಸುಮ್ನೆ ಇನ್ನೊಂದು ಬುಟ್ಟಿ ಇಡಬೇಡಿ.

ಒಂದಿಷ್ಟು ತೊಡಕು ಇದೆ ಅಂತ ನನಗೂ ಗೊತ್ತು. ಬಿಪಿ ಏರಿಳಿತ ಇರುವವರಿಗೆ, ಹೊಸದಾಗಿ ಶುರುಮಾಡಿದವರಿಗೆ ತಿಂಗಳು ತಿಂಗಳು ನೋಡಿಯೇ ಕೊಡಬೇಕು. ಅವರನ್ನು ಬಿಡಿ, ವರ್ಷದಿಂದ ಒಂದೇ ಗುಳಿಗೆಯಲ್ಲಿ ಹತೋಟಿಯಲ್ಲಿ ಇರುವವರಿಗೆ ಕೊಡಿ. ನಮ್ಮ ಮಳೆಯ ತೇವಕ್ಕೆ ಗುಳಿಗೆ ಹಾಳಾಗುತ್ತದೆ ಅನ್ನಬಹುದು. ಪಟ್ಟಿಯಿಂದ ಬಿಡಿಸದೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟರೆ ಆಯಿತು, ಹಪ್ಪಳ ಇಡುವುದಿಲ್ವಾ ಹಾಗೆ. ಒಲೆಯ ಅಟ್ಟದ ಮೇಲೆ ಮಾತ್ರ ಇಡಬಾರದು, ಬಿಸಿಗೆ ಕೆಡುತ್ತದೆ. ಇನ್ಸುಲಿನ್ ಸ್ವಲ್ಪ ಕಷ್ಟ. ಮಳೆಗಾಲದಲ್ಲಿ ಕರೆಂಟು ಎರಡು ದಿನ ಇರುವುದಿಲ್ಲ, ಫ್ರಿಜ್ ಇದ್ದೂ ಪ್ರಯೋಜನವಿಲ್ಲ. ಒಂದು ಮಣ್ಣಿನ ಗಡಿಗೆಯೊಳಗೆ ಇನ್ನೊಂದು ಇಟ್ಟು, ನಡುವೆ ಒದ್ದೆ ಮರಳು ತುಂಬಿ ಅದರಲ್ಲಿ ಇನ್ಸುಲಿನ್ ಕಾಪಾಡುವವರು ಇದ್ದಾರೆ. ಗಾಳಿ ಒಣಗಿದ್ದಾಗ ಚೆನ್ನಾಗಿ ತಂಪಾಗುತ್ತದೆ, ನಮ್ಮ ಮಳೆಗಾಲದಲ್ಲಿ ಅಷ್ಟಿಲ್ಲ. ಆದರೂ ಏನೂ ಇಲ್ಲದ್ದಕ್ಕಿಂತ ಅದು ವಾಸಿ. ಇನ್ಸುಲಿನ್ ತೆಗೆದುಕೊಳ್ಳುವವರ ಹೆಸರನ್ನಾದರೂ ಪಂಚಾಯತಿಯಲ್ಲಿ ಬೇರೆ ಬರೆದಿಡಿ. ಗುಡ್ಡ ಕುಸಿದಾಗ ಮೊದಲು ಯಾರ ಮನೆಗೆ ಮುಟ್ಟಬೇಕು ಅನ್ನುವುದು ಗೊತ್ತಿರುತ್ತದೆ.

ಮನೆಯವರಿಗೆ ನನ್ನ ಮಾತು ಇನ್ನೂ ಚಿಕ್ಕದು. ಫೋನಿನಲ್ಲಿ ಊಟದ ಜೊತೆ ಗುಳಿಗೆಯನ್ನೂ ಕೇಳಿ. ಬಾಯಿ ಓರೆಯಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಎಣ್ಣೆ ಬಾಟಲಿ ಹುಡುಕಬೇಡಿ, 108ಕ್ಕೆ ಫೋನು ಮಾಡಿ. ನಲವತ್ತು ದಾಟಿದವರು ಅಪ್ಪನನ್ನು ತಪಾಸಣೆಗೆ ಕರೆದುಕೊಂಡು ಹೋದಾಗ ನಿಮ್ಮ ತೋಳಿಗೂ ಬಿಪಿ ನೋಡುವ ಪಟ್ಟಿ ಕಟ್ಟಿಸಿಕೊಳ್ಳಿ. 140/90 ಅಥವಾ ಅದಕ್ಕೂ ಮೇಲೆ ಬಂದರೆ ಡಾಕ್ಟರನ್ನು ಕಾಣಿ. ಪುಕ್ಕಟೆ ನೋಡುತ್ತಾರೆ, ಎರಡು ನಿಮಿಷದ ಕೆಲಸ.

ಬರುವ ಸೋಮವಾರ ನಾನು ಘಟ್ಟ ಹತ್ತುತ್ತೇನೆ. ಅಕ್ಕನ ಚೀಟಿ ಹಿಡಿದು ಅವಳ ಊರಿನ ಕೇಂದ್ರಕ್ಕೆ ಹೋಗಿ ಮೂರು ತಿಂಗಳ ಗುಳಿಗೆ ಕೇಳುವವನಿದ್ದೇನೆ. ಮೂವತ್ತಕ್ಕಿಂತ ಜಾಸ್ತಿ ಕೊಡಲು ಆದೇಶ ಇಲ್ಲ ಅಂತ ಹೇಳಬಹುದು. ಹೇಳುವವರ ತಪ್ಪಲ್ಲ, ಆದೇಶ ನಿಮ್ಮ ಕೈಯಲ್ಲಿದೆ. ಕೊಡದಿದ್ದರೆ ಜನೌಷಧಿಯಿಂದ ದುಡ್ಡು ಕೊಟ್ಟು ತರುತ್ತೇನೆ, ನನಗೆ ಪಿಎಫ್ ದುಡ್ಡಿದೆ. ಅಕ್ಕನ ಪಕ್ಕದ ಮನೆಯ ಅಜ್ಜಿಗೆ ಇಲ್ಲ. ಅವರ ಚೀಟಿಯನ್ನೂ ಕೊಟ್ಟು ಕಳಿಸುತ್ತೇನೆ ಅಂತ ಫೋನಿನಲ್ಲಿ ಹೇಳಿದ್ದಾರೆ.

ಇಂತಿ,
ಕುಮಟೆಯ ಒಬ್ಬ ನಿವೃತ್ತ ಕಂಡಕ್ಟರ್